ಪೇಟಿ ಮಾಸ್ತರರ ಕಿವಿ

ಕಳೆದ ವಾರ ಕೊರಿಯರಿನವನು ತಂದುಕೊಟ್ಟ ಡಬ್ಬಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಟ್ಯೂನರ್ ಇತ್ತು. ಮಗಳ ಗಿಟಾರಿಗೆಂದು ತರಿಸಿದ್ದು. ಗಿಟಾರಿನ ತಲೆಗೆ ಕಚ್ಚಿಸಿ ತಂತಿ ಮೀಟಿದರೆ ಶ್ರುತಿ ಸರಿಯಿದೆಯೋ ಇಲ್ಲವೋ ಎಂದು ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಇಷ್ಟು ಸಣ್ಣ ವಸ್ತುವನ್ನು ಆರಿಸಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ಮೈಕಿನದು ಬೇಡ, ಫ್ಯಾನಿನ ಸದ್ದಿಗೂ ಕುಣಿಯುತ್ತದೆ. ಕಟ್ಟಿಗೆಯ ಕಂಪನ ಹಿಡಿಯುವ ಕ್ಲಿಪ್ಪಿನದೇ ಬೇಕು. ಪರದೆಯ ಮೂಲೆಯ ಅಂಕಿ ದೊಡ್ಡದಾಗಿ ಕಾಣಬೇಕು. ಗುಂಡಿ ತಪ್ಪಿ ಒತ್ತಿದರೂ ಆ ಅಂಕಿ ಬದಲಾಗಬಾರದು... "ನಾಳೆ ಮಗಳಿಗೆ ವರ ನೋಡೋ ಮುಂದನೂ ಇಷ್ಟು ನೋಡಂಗಿಲ್ಲ ನೀವು" ಎಂದು ಹೆಂಡತಿ ನಕ್ಕಳು.

ಡಬ್ಬಿ ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಇದೇ ವಾಸನೆಯನ್ನು ನಾನು ಹಿಂದೆ ಒಮ್ಮೆ, ಪೇಟಿ ಮಾಸ್ತರರ ಪಕ್ಕದಲ್ಲಿ ಕೂತು ಮೂಸಿದ್ದೆ.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ನುಡಿಸುವವರೂ ಪೇಟಿ ಮಾಸ್ತರರೇ, ರಿಪೇರಿಯವರೂ ಪೇಟಿ ಮಾಸ್ತರರೇ. ಇವರು ರಿಪೇರಿಯವರು. ಕೊಪ್ಪಳದ ಹಳೇ ಬಜಾರಿನ ಓಣಿಯೊಂದರಲ್ಲಿ, ಅರಿವೆ ಅಂಗಡಿಯ ಬೆನ್ನಿಗೆ, ಎರಡು ಚಾಪೆ ಹಾಸುವಷ್ಟು ಜಾಗ ಅವರದು. ಅಳವಂಡಿಯ ಭಜನೆಯವರು, ಯಲಬುರ್ಗಾ ಕಡೆಯ ದೊಡ್ಡಾಟದವರು, ಗಂಗಾವತಿಯಲ್ಲಿ ಸಂಗೀತ ಕಲಿಸುವವರು, ಎಲ್ಲರೂ ಬಸ್ಸಿನಲ್ಲಿ ಪೇಟಿ ಹೇರಿಕೊಂಡು ಅವರಲ್ಲಿಗೇ ಬರುತ್ತಿದ್ದರು. ಪೇಟಿಯೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಿಗೆ ಇರುತ್ತದೆ. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಪೂರ್ತಿ ಕಿವಿಯ ಮೇಲೆ ನಿಂತ ಕೆಲಸ ಅದು. ಮಾಸ್ತರರು ಕಣ್ಣು ಮುಚ್ಚಿ, ಕತ್ತು ವಾರೆ ಮಾಡಿ, ಒಂದು ಸಲ ಕೆರೆದು ಮೂರು ಸಲ ಕೇಳುತ್ತಿದ್ದರು.

ನಾನು ಆಗಷ್ಟೇ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಸ್ವಭಾವತಃ ಪುಕ್ಕಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವ, ಬಸ್ಸು ಹತ್ತಿದ ಮೇಲೂ ಬೋರ್ಡು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಕಂಡಕ್ಟರನನ್ನು ಕೇಳುವವ. ಹುಟ್ಟುಗುಣ ಸುಟ್ಟರೂ ಹೋಗದು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಬಿಟ್ಟುಹೋದ ಗಿಟಾರನ್ನು ಇಟ್ಟುಕೊಂಡು, ಪುಸ್ತಕ ನೋಡಿ ನಾಲ್ಕು ಹಾಡು ನುಡಿಸಲು ಕಲಿತಿದ್ದೆ. ಹಾಳೂರಿಗೆ ಉಳಿದವನೇ ಗೌಡ ಅಂದಂತೆ, ಶಾಲೆಯಲ್ಲಿ ನಾನೇ ದೊಡ್ಡ ಗಿಟಾರ್ ವಾದಕ! ಶ್ರುತಿ ಕೂಡಿಸಲು ಮಾತ್ರ ಸುತರಾಂ ಬರುತ್ತಿರಲಿಲ್ಲ. ಮೊಬೈಲು ಬಂದಿದ್ದರೂ ಅದರಲ್ಲಿ ಶ್ರುತಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ.

ಹಾಗಾಗಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವರ ಅಂಗಡಿಗೆ ಹೋಗುತ್ತಿದ್ದೆ. ಗಿಟಾರನ್ನು ಅವರು ಹಿಂದೆಂದೂ ಮುಟ್ಟಿರಲಿಲ್ಲ. ಪುಸ್ತಕದಲ್ಲಿದ್ದ ಆರು ತಂತಿಗಳ ಸ್ವರಗಳನ್ನು ಪೇಟಿಯ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ, ಮೇಲೆ ಎಣಿಸಿ ತೋರಿಸಿದ್ದೆ, ಒಂದೇ ಸಲ. ಮತ್ತೆ ಅವರು ಕೇಳಲಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, "ಬರ್ರಿ ಸರ, ಕೂಸಿಗೆ ಮತ್ತ ಜ್ವರ ಬಂತೇನು?" ಎನ್ನುತ್ತಿದ್ದರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿ ಹಿಂಡುತ್ತಿದ್ದರು. ಐದು ನಿಮಿಷ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು.

ಒಂದು ಶನಿವಾರ ಅವರು ಚಹಾ ತರಿಸಲಿಲ್ಲ. ಹಿಂದಿನ ದಿನ ಯಲಬುರ್ಗಾ ಕಡೆಯವರೊಬ್ಬರು ರಿಪೇರಿಯಾದ ಪೇಟಿಯನ್ನು ವಾಪಸು ತಂದು, ಕೀಬೋರ್ಡಿನ ಜೊತೆ ಇದು ಕೂಡುತ್ತಿಲ್ಲ, ನಿಮ್ಮ ಕಿವಿ ಹೋಗಿವೆ ಎಂದು ಎಲ್ಲರೆದುರು ಅಂದುಹೋಗಿದ್ದರಂತೆ. ಮಾಸ್ತರರ ತಂದೆಯೂ ಪೇಟಿ ರಿಪೇರಿಯವರೇ. ಅರವತ್ತರ ಹೊತ್ತಿಗೆ ಪೂರ್ತಿ ಕಿವುಡರಾಗಿದ್ದರು. ಮಾಸ್ತರರಿಗೆ ಆಗ ಐವತ್ತೆಂಟು.

"ನಮ್ಮಪ್ಪಗ ಕೇಳಸೂದು ನಿಂತಿತ್ತು, ಅದು ಅವ್ನಿಗೇ ಗೊತ್ತಿದ್ದಿಲ್ಲ ನೋಡ್ರಿ. ಕೆರದ ಕೆರದ ಮಂದಿ ಪೇಟಿ ಹಾಳ ಮಾಡಿಬಿಟ್ಟ. ನಾ ಹಂಗ ಮಾಡಬಾರ್ದು" ಎಂದರು. ಕೆರೆಯುವ ಚೂರಿ ಕೆಳಗಿಟ್ಟು, "ಶ್ರುತಿ ನೋಡೋ ಮಿಶನ್ನು ಬಂದಾವಂತಲ್ರಿ ಹುಬ್ಬಳ್ಳಿಯಾಗ? ನೀವು ಸೈನ್ಸ್ ಮಾಸ್ತರು. ಒಂದ ಛಲೋದು ನೋಡಿ ತರ್ರಿ. ಅದು ಹೇಳಿದ್ದ ನಂದು ತೀರ್ಪು. ಸರಿ ಅಂದ್ರ ಕೆಲಸ ಮಾಡತೀನಿ, ಇಲ್ಲಂದ್ರ ಅವತ್ತ ಬಂದ್" ಎಂದರು.

ಹುಬ್ಬಳ್ಳಿಯ ಅಂಗಡಿಯವನ ಪ್ರಾಣ ತಿಂದೆ. ಮೈಕಿನದು ಒಳ್ಳೆಯದೋ, ಕಚ್ಚಿಸುವುದೋ? ಮುಳ್ಳಿನದೋ, ದೀಪದ್ದೋ? ಪೇಟಿಗೂ ನಡೆಯುತ್ತದೆಯೋ? ಸೆಲ್ಲು ಖಾಲಿಯಾಗುತ್ತ ಬಂದರೆ ಸುಳ್ಳು ಹೇಳುತ್ತದೆಯೋ? ಒಬ್ಬ ಮನುಷ್ಯನ ಅನ್ನ ಇದರ ಮೇಲೆ ನಿಂತಿದೆ ಎಂದು ಅವನಿಗೆ ಹೇಳುವುದು ಹೇಗೆ! ಕಡೆಗೆ ಅವನೇ ಬೇಸತ್ತು, ಕಚ್ಚಿಸುವುದೊಂದನ್ನು ಕೈಗೆ ತುರುಕಿ, "ಕಣ್ಣು ಮುಚ್ಚಿ ಒಯ್ರಿ ಸರ, ಏನೂ ಆಗಂಗಿಲ್ಲ" ಅಂದ.

ಕಣ್ಣು ಮುಚ್ಚಿ ಒಯ್ದಿದ್ದರೆ ಚೆನ್ನಾಗಿತ್ತು. ಗದಗ ದಾಟುವ ಹೊತ್ತಿಗೆ ನನಗೆ ಅನುಮಾನ ಶುರುವಾಯಿತು. ಕೆಟ್ಟಿರುವುದನ್ನು ಕೊಟ್ಟಿದ್ದರೆ? ಹೊರತೆಗೆದು ಗುಂಡಿ ಒತ್ತಿದೆ. ದೀಪ ಹೊತ್ತಿತು. ಆರಿಸಿ ಮತ್ತೆ ಹೊತ್ತಿಸಿದೆ. ಪಕ್ಕದಲ್ಲಿದ್ದ ಹಿರಿಯರು, "ಸಕ್ಕರಿ ಬ್ಯಾನಿ ನೋಡೋದೇನ್ರಿ?" ಎಂದು ಕೇಳಿ ಬೆರಳನ್ನೂ ಮುಂದೆ ಚಾಚಿದರು. ಅಲ್ಲ ಎಂದು ವಿವರಿಸುತ್ತ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ತೋರಿಸಿದೆ. ಕೊಪ್ಪಳ ಬರುವವರೆಗೂ ಅದನ್ನು ಒತ್ತುತ್ತಲೇ ಇದ್ದೆ.

ಅಂದು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಮಾಸ್ತರರು ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ಕೂತಿದ್ದರು. ಕಿವಿಯಿಂದ ಕೇಳಿ, ತಮ್ಮ ಪೇಟಿಗೆ ತಾಳೆ ನೋಡಿ, ಗಿಟಾರಿನ ಆರೂ ತಂತಿ ಕೂಡಿಸಿದರು. ಆಮೇಲೆ ನಾನು ಟ್ಯೂನರನ್ನು ಕಚ್ಚಿಸಿದೆ. ಮೊದಲ ತಂತಿ ಮೀಟಿದರು. ಮುಳ್ಳು ನಡುವೆ ನಿಲ್ಲಬೇಕಾಗಿದ್ದು ಎಡಕ್ಕೆ ನಿಂತಿತು. ಸ್ವರ ಇಳಿದಿದೆ ಎಂದರ್ಥ. ಎರಡನೆಯದೂ ಎಡಕ್ಕೆ. ಮೂರು, ನಾಲ್ಕು, ಐದು, ಆರು... ಎಲ್ಲವೂ ಎಡಕ್ಕೆ, ಒಂದೇ ಜಾಗದಲ್ಲಿ.

"ಮೂಲ್ಯಾಗ ಇದೇನೋ ಅಂಕಿ ಐತಲ್ರಿ, ನಾಕುನೂರಾ ನಲವತ್ತಾರು?" ಎಂದು ಕೇಳಿದರು.

"ಮಿಶನ್ನಿನ ಮಾಡಲ್ ನಂಬರ್ ಇರಬೇಕ್ರಿ" ಎಂದೆ.

ಅವರು ಕೆರೆಯುವ ಚೂರಿಯನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ಬಿಚ್ಚಿಟ್ಟಿದ್ದ ಎರಡು ಪೇಟಿಗಳನ್ನು ಹಾಗೇ ಜೋಡಿಸಿ, ಒಡೆಯರಿಗೆ ಮರಳಿಸಿದರು. ತಿಂಗಳೊಳಗೆ ಅಂಗಡಿ ಬಿಟ್ಟುಕೊಟ್ಟು ಕುಷ್ಟಗಿಯ ಮಗಳ ಮನೆಗೆ ಹೋದರು. ಹೊರಡುವಾಗ ಆ ಟ್ಯೂನರನ್ನು ನನಗೇ ಕೊಟ್ಟು, "ನಿಮಗ ಬೇಕಾಗತೈತಿ, ಇಟ್ಕೋರಿ. ಖರೇ ಹೇಳೋ ಸಾಮಾನು" ಎಂದರು.

ಎರಡು ವರ್ಷ ನಾನು ಅದರಿಂದಲೇ ಶ್ರುತಿ ಕೂಡಿಸಿಕೊಂಡೆ. ಒಂದು ದಿನ ಸೆಲ್ಲು ಮುಗಿಯಿತು. ಹೊಸದನ್ನು ಹಾಕಿ ನೋಡಿದರೆ, ನಿನ್ನೆ ಸರಿಯಿದ್ದ ಆರೂ ತಂತಿ ಇವತ್ತು ಬಲಕ್ಕೆ! ಮೂಲೆಯ ಅಂಕಿ ನಾನೂರಾ ನಲವತ್ತಾಗಿತ್ತು. ಡಬ್ಬಿಯ ತಳದಲ್ಲಿ ಮಡಚಿ ಬಿದ್ದಿದ್ದ ಚೀಟಿಯನ್ನು ಅಂದು ಮೊದಲ ಬಾರಿ ಓದಿದೆ. ಆ ಅಂಕಿ ಮಾಡಲ್ ನಂಬರಲ್ಲ, ಯಂತ್ರ ಯಾವುದನ್ನು ಆಧಾರ ಶ್ರುತಿಯೆಂದು ಹಿಡಿಯಬೇಕು ಎನ್ನುವುದರ ಗುರುತು. ನಾನೂರಾ ನಲವತ್ತಿರಬೇಕು. ಗುಂಡಿ ಒತ್ತಿದರೆ ಏರುತ್ತದೆ, ಇಳಿಯುತ್ತದೆ. ಬಸ್ಸಿನಲ್ಲಿ ಅದನ್ನು ಏರಿಸಿದವನು ನಾನು. ಸೆಲ್ಲು ಬದಲಾದಾಗ ಅದು ತಾನಾಗಿ ತನ್ನ ಜಾಗಕ್ಕೆ ಮರಳಿತ್ತು.

ಶಾಲೆಗೆ ಓಡಿದೆ. ಮಾಸ್ತರರು ಅಂಗಡಿ ಮುಚ್ಚುವ ಮುಂಚೆ ಕೆರೆದು ಕೊಟ್ಟಿದ್ದ ಪೇಟಿ ಅಲ್ಲಿತ್ತು. ಟ್ಯೂನರನ್ನು ಅದರ ಅಂಚಿಗೆ ಕಚ್ಚಿಸಿ ಒಂದೊಂದೇ ಮನೆ ಒತ್ತಿದೆ. ಪ್ರತಿಯೊಂದಕ್ಕೂ ಮುಳ್ಳು ನಟ್ಟನಡುವೆ ನಿಂತಿತು. ಯಲಬುರ್ಗಾ ಕಡೆಯವರ ಕೀಬೋರ್ಡಿನ ಶ್ರುತಿಯೇ ತಪ್ಪಿದ್ದಿರಬೇಕು.

ತರಗತಿಯ ಮಕ್ಕಳೆಲ್ಲ ಒಂದೇ ತಪ್ಪು ಉತ್ತರ ಬರೆದರೆ, ತಪ್ಪು ಮಕ್ಕಳದಲ್ಲ, ಹಲಗೆಯ ಮೇಲೆ ಬರೆದ ಮೇಷ್ಟ್ರದು. ಇಷ್ಟು ಗೊತ್ತಿರಬೇಡವೆ ನನಗೆ? ಕೆಟ್ಟ ಕಿವಿ ಒಂದು ತಂತಿಯನ್ನು ಏರಿಸುತ್ತದೆ, ಇನ್ನೊಂದನ್ನು ಇಳಿಸುತ್ತದೆ. ಆರನ್ನೂ ಒಂದೇ ಅಳತೆಗೆ ನಿಲ್ಲಿಸುವ ಕಿವಿ ಕೆಟ್ಟ ಕಿವಿಯಾಗಲು ಸಾಧ್ಯವೇ ಇಲ್ಲ. ವಿಜ್ಞಾನದ ಮೇಷ್ಟ್ರಂತೆ!

ಅಂದೇ ಕುಷ್ಟಗಿಯ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಏನೆಂದು ಹೇಳಲಿ? ಬೈದರೆ? ಅತ್ತರೆ? ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಿತು, ಪೇಪರು ತಿದ್ದುವುದು ಬಂತು. ಆಮೇಲೆ ಚುನಾವಣೆ ಡ್ಯೂಟಿ, ದಸರೆ, ದೀಪಾವಳಿ... ಒಮ್ಮೆ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ತುಂಬಿದೆ ಎಂದು ನೆಪ ಮಾಡಿಕೊಂಡು ವಾಪಸು ಬಂದೆ. ಬಸ್ಸಿನಲ್ಲಿ ನಾಲ್ಕು ಸೀಟು ಖಾಲಿ ಇದ್ದವು. ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೆ ಹೋದಾಗ ಮಾಸ್ತರರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಮಾಸ್ತರ, ಒಂದ ಮಾತು ಹೇಳೋದಿತ್ರಿ" ಎಂದೆ. ಅವರು ನಗುತ್ತಲೇ ಇದ್ದರು. ಮತ್ತೆ ಹೇಳಿದೆ. ಒಳಗಿನಿಂದ ನೀರು ತಂದ ಮಗಳು, "ಅವ್ರಿಗೆ ಕೇಳಂಗಿಲ್ರಿ ಸರ. ಹೋದ ವರ್ಷದ ಮಟ ಭಾಳ ಛಲೋ ಕೇಳತಿತ್ತು. ನಾಕೈದ ತಿಂಗಳಿಂದ ಪೂರಾ ಬಂದ್ ಆಗೇತಿ. ಬರದ ತೋರಸ್ರಿ" ಅಂದಳು.

ಕಿಸೆಯ ಪೆನ್ನು ತೆಗೆದು ಬರೆದೆ. ಆವತ್ತು ಮಿಶನ್ನು ತಪ್ಪು ತೋರಿಸಿತು, ನಾನೇ ತಪ್ಪು ಗುಂಡಿ ಒತ್ತಿದ್ದೆ, ನಿಮ್ಮ ಕಿವಿ ಸರಿ ಇತ್ತು. ಅವರು ತುಟಿ ಅಲುಗಿಸುತ್ತ ಓದಿದರು. ಎರಡನೇ ಸಲ ಓದಿದರು.

"ಆರೂ ತಂತಿ?"

ಹೌದೆಂದು ತಲೆ ಆಡಿಸಿದೆ. ಅವರು ಜೋರಾಗಿ ನಕ್ಕರು. ಒಳಗಿದ್ದ ಮಗಳನ್ನು ಕೂಗಿದರು. "ಏ ಇವಳ, ಬಾರ ಇಲ್ಲಿ! ಆವತ್ತ ನನ್ನ ಕಿವಿ ಸರಿ ಇತ್ತಂತ! ಸರ ಬರದ ಕೊಟ್ಟಾರ ನೋಡು!" ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಸಂತೋಷವನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಮರೆಯಾಗಿ ಕಣ್ಣೊರೆಸಿಕೊಂಡೆ.

ರೊಟ್ಟಿ ತಿನ್ನಿಸಿಯೇ ಕಳಿಸುತ್ತೇನೆಂದು ಹಟ ಹಿಡಿದರು. ತಾಟಿನ ಮುಂದೆ ಕೂತಾಗ ಮೆಲ್ಲಗೆ ಅಂದರು: "ಹೋದ ವರ್ಷ ಗೊತ್ತಾಗಿದ್ರ ಇನ್ನೊಂದ ಪೇಟಿ ಬಿಚ್ಚತಿದ್ನೇನೋ..." ಆಮೇಲೆ ನನ್ನ ಕಡೆ ತಿರುಗಿ, "ನಿಮಗ ಯಾವಾಗ ಗೊತ್ತಾತ್ರಿ ಸರ?" ಎಂದು ಆ ಕಾಗದವನ್ನೇ ಮುಂದೆ ಸರಿಸಿದರು.

ನಾನು ಪೆನ್ನು ಹಿಡಿದು ಕೂತೆ. "ಮೊನ್ನೆ" ಎಂದು ಬರೆದೆ.

ಮಾಸ್ತರರು ತೀರಿಕೊಂಡು ಈಗ ಐದು ವರ್ಷ. ಆ ಕಾಗದವನ್ನು ಅವರು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ನಾನು ಅವರ ಮಣ್ಣಿಗೆ ಹೋದಾಗ ಮಗಳು ಹೇಳಿದಳು. ಕಳೆದ ವಾರ ನನ್ನ ಮಗಳು, ಇಷ್ಟು ಸಣ್ಣ ಸಾಮಾನಿಗೆ ಇಷ್ಟೇಕೆ ಹೆದರುತ್ತೀರಿ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಬಸ್ಸು, ಗುಂಡಿ, ಆರು ತಂತಿ, ಕುಷ್ಟಗಿ, ಕಾಗದ. "ನಿಮಗೆ ಯಾವಾಗ ಗೊತ್ತಾಯ್ತಪ್ಪಾ?" ಎಂದು ಅವಳೂ ಕೇಳಿದಳು. ಅವಳಿಗೂ, ಹೋಗುವ ಎರಡು ದಿನ ಮುಂಚೆ ಎಂದೇ ಹೇಳಿದೆ. ಒಂದು ವರ್ಷ ಎಂದು ಈಗ ಇಲ್ಲಿ ಬರೆಯುತ್ತಿದ್ದೇನೆ. ಓದಬೇಕಾಗಿದ್ದವರು ಇಲ್ಲ.