ಈಜುಕೊಳಕ್ಕೊಂದು ಸ್ಪೀಕರ್

ನಾಲ್ಕು ವರ್ಷದಿಂದ ಅವಳು ದಿನಾ ಬೆಳಗ್ಗೆ ಹನ್ನೊಂದಕ್ಕೆ ಬಯಲು ಈಜುಕೊಳದ ಅಂಚಿನಲ್ಲಿ ನಿಂತು ಕೂಗುತ್ತಿದ್ದಳು. ಅವಳ ಕೆಲಸವೇ ಅದು. ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲು ಮುಖ ಹಿಂಡುವ ಹದಿನಾಲ್ಕು ಜನ ಅಜ್ಜ ಅಜ್ಜಿಯರು ಎದೆಮಟ್ಟದ ನೀರಿಗೆ ಇಳಿದರೆ ಹಗುರಾಗುತ್ತಿದ್ದರು. ಅವರಿಗೆ ಮೇಲಿನಿಂದ ವ್ಯಾಯಾಮ ಹೇಳಿಕೊಡಬೇಕು. ಬಲಗಾಲು ಎತ್ತಿ, ಕೈ ಮುಂದೆ, ಈಗ ತಿರುಗಿ, ಎಂಟು ಎಣಿಸಿ. ನೀರು ಚಿಮ್ಮುವ ಸದ್ದು, ಪಂಪಿನ ಗುರ್ರ್, ಗೋಡೆಯಾಚೆಯ ರಸ್ತೆಯ ಬಸ್ಸುಗಳು, ಇವೆಲ್ಲವನ್ನೂ ದಾಟಿ ಮಾತು ಹೋಗಬೇಕಿತ್ತು. ಹೋಗುತ್ತಿದೆ ಎಂದೇ ಅವಳು ನಂಬಿದ್ದಳು. ಹೇಳಿದ ಕಾಲು ಹೇಳಿದ ಹೊತ್ತಿಗೆ ಮೇಲೇಳುತ್ತಿತ್ತು. ಅವಳನ್ನು ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು.

ಈ ಸಲ ನೆಗಡಿ ಹೋದರೂ ದನಿ ವಾಪಸ್ಸು ಬರಲಿಲ್ಲ. ಗಂಟಲಿನ ಡಾಕ್ಟರು ಮೂಗಿನೊಳಗಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ದನಿತಂತುಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗಂಟು, ಆಚೆ ಒಂದು, ಈಚೆ ಒಂದು.

"ಮೂರು ತಿಂಗಳು ಕೂಗೋ ಹಾಗಿಲ್ಲ. ಮೆತ್ತಗೆ ಮಾತಾಡಿ, ಅದೂ ಎಷ್ಟು ಬೇಕೋ ಅಷ್ಟೇ. ಕೂಗಿದ್ರೆ ಆಪರೇಷನ್ನು. ಆಮೇಲೆ ದನಿ ಹೇಗಿರುತ್ತೆ ಅಂತ ನಾನು ಹೇಳಲಾರೆ."

ಮೂರು ವರ್ಷದ ಮಗಳು ಇರುವ ಮನೆಯಲ್ಲಿ ಮೆತ್ತಗೆ ಮಾತಾಡುವುದು ಹೇಗೆ ಎಂದು ಡಾಕ್ಟರನ್ನು ಯಾರಾದರೂ ಕೇಳಬೇಕಿತ್ತು. ಆದರೆ ಮಗಳೇ ಅದಕ್ಕೊಂದು ದಾರಿ ಕಂಡುಕೊಂಡಳು. ಅಮ್ಮ ಪಿಸುಗುಟ್ಟಿದ್ದಕ್ಕೆ ತಾನೂ ಪಿಸುಗುಟ್ಟಿದಳು, ಅದನ್ನು ಕೇಳಿ ಅಪ್ಪನೂ ಪಿಸುಗುಟ್ಟಿದ. ಸಂಜೆ ಹಾಲಿನವನು ಬಾಗಿಲಿಗೆ ಬಂದು ಒಂದು ಕ್ಷಣ ಮೂವರ ಮುಖ ನೋಡಿ, ಯಾಕೋ ಏನೋ, ಅವನೂ ದನಿ ತಗ್ಗಿಸಿ "ಎರಡು ಪ್ಯಾಕೆಟ್ಟಾ?" ಅಂದ.

ಕೊಳದ ಮ್ಯಾನೇಜರು ಕೆಟ್ಟ ಮನುಷ್ಯನಲ್ಲ, ಲೆಕ್ಕಾಚಾರದ ಮನುಷ್ಯ. "ಕಚೇರಿ ಖರ್ಚಲ್ಲೇ ಒಂದು ಸ್ಪೀಕರ್ ತಗೊಳ್ಳಿ. ಆರಿಸೋದು ನಿಮ್ಮ ಜವಾಬ್ದಾರಿ. ಶುಕ್ರವಾರದ ಹೊತ್ತಿಗೆ ಕ್ಲಾಸು ಸರಿಯಾಗಿ ನಡೀತಿದ್ರೆ ಸರಿ. ಇಲ್ಲಾಂದ್ರೆ ಆ ಗಂಟೇನ ಮಕ್ಕಳ ಕೋಚ್‌ಗೆ ಕೊಡ್ತೀನಿ. ಅವರು ಕೇಳ್ತಾನೇ ಇದ್ದಾರೆ."

ಮಕ್ಕಳ ಕೋಚಿಗೆ ಒಮ್ಮೆ ಕೊಟ್ಟ ಗಂಟೆ ತಿರುಗಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹದಿನಾಲ್ಕು ಜನರ ಮಂಡಿನೋವೂ ಗೊತ್ತಿತ್ತು, ಆದರೆ ಅದು ಅವಳಿಗೆ ಮಾತ್ರ.

ಸ್ಪೀಕರ್ ಅಂಗಡಿಯವನು ಅವಳು ಬಾಯಿ ತೆರೆಯುವ ಮೊದಲೇ ಒಂದು ಹಾಡು ಹಾಕಿದ. ಗಾಜಿನ ಕಪಾಟು ಗಡಗಡ ಅಂದಿತು.

"ಎದೆ ನಡುಗುತ್ತೆ ನೋಡಿ ಮೇಡಮ್."

"ನಂಗೆ ಎದೆ ನಡುಗೋದು ಬೇಡ. ಮಾತು ಕೇಳಬೇಕು. ಬಯಲಲ್ಲಿ, ನೀರಿನ ಪಕ್ಕ."

"ಆಂ?"

ಅವಳು ಚೀಟಿಯಲ್ಲಿ ಬರೆದು ತೋರಿಸಿದಳು. ಅವನು ಓದಿ, ಮರುಗಿದ ಮುಖ ಮಾಡಿ, ಕಿವುಡರ ಜೊತೆ ಮಾತಾಡುವಂತೆ ಗಟ್ಟಿಯಾಗಿ ಕೂಗತೊಡಗಿದ. "ಐಪಿ ಸಿಕ್ಸ್ಟಿ ಸೆವೆನ್ ಇದೆ ಮೇಡಮ್. ಆರು ಅಂದ್ರೆ ಧೂಳು ಹೋಗಲ್ಲ. ಏಳು ಅಂದ್ರೆ ಅರ್ಧ ಗಂಟೆ ನೀರಲ್ಲಿ ಮುಳುಗಿದ್ರೂ ಏನೂ ಆಗಲ್ಲ. ಚಾರ್ಜ್ ಹಾಕೋ ಜಾಗದ ಮುಚ್ಚಳ ಮಾತ್ರ ಬಿಗಿಯಾಗಿರಬೇಕು. ಕೊಳದ ನೀರು ಬಿದ್ರೆ ನಲ್ಲಿ ನೀರಲ್ಲಿ ಒಮ್ಮೆ ತೊಳೆದಿಡಿ."

"ನಂಗೆ ಕಿವಿ ಕೇಳಿಸುತ್ತೆ," ಅಂದಳು ಅವಳು. ಅದು ಅವನಿಗೆ ಕೇಳಿಸಲಿಲ್ಲ.

ಮುಂಗೈ ಉದ್ದದ ನೀಲಿ ಸ್ಪೀಕರ್ ಅಂದೇ ಕೊಳಕ್ಕೆ ಬಂತು. ಅದಕ್ಕೆ ಮೈಕು ಇರಲಿಲ್ಲ, ಫೋನಿನಲ್ಲೇ ಮಾತಾಡಬೇಕು. ಮರುದಿನ ಅವಳು ಫೋನನ್ನು ತುಟಿಗೆ ಒತ್ತಿ "ಬಲಗಾಲು" ಎಂದಾಗ ಗಾಳಿಯಲ್ಲಿ ಎಲ್ಲೋ ಸುತ್ತಾಡಿಕೊಂಡು ಬಂದಂತೆ ಅರೆಗಳಿಗೆ ಬಿಟ್ಟು ಸ್ಪೀಕರ್ "ಬಲಗಾಲು" ಅಂದಿತು. ಅಷ್ಟರಲ್ಲಿ ಅವಳು ಎಡಕ್ಕೆ ಹೋಗಿದ್ದಳು. ನೀರಿನಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರ ತೊಡೆಗೆ ತಗುಲಿತು. ಮುಂದಿನ ಸಾಲಿನಲ್ಲಿದ್ದ, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದ ತಾತ ಕೈ ಎರಡೂ ಮೇಲೆತ್ತಿ ಸುಮ್ಮನೆ ನಿಂತುಬಿಟ್ಟರು, ಬಸ್ಸಿಗೆ ಸ್ಟಾಪು ಸಿಗದವರ ಹಾಗೆ.

ಸಂಜೆ ಗಂಡ ಸೋಫಾದ ಮೇಲೆ ಕಾಲು ಚಾಚಿ ಬೇರೆ ಸ್ಪೀಕರುಗಳ ಬಗ್ಗೆ ಬಳಸಿದವರ ಅಭಿಪ್ರಾಯಗಳನ್ನು ಫೋನಿನಲ್ಲಿ ಓದಿ ಹೇಳಿದ.

"ಇದಕ್ಕೆ ನಾಲ್ಕೂವರೆ ಸ್ಟಾರು. ಬೀಚಲ್ಲಿ ರಾತ್ರಿಯಿಡೀ ಕುಣಿದೆವು, ಸೂಪರ್ ಅಂತೆ. ಇನ್ನೊಂದು, ಎರಡನೇ ಮಹಡಿಯಿಂದ ಬಿದ್ರೂ ಏನೂ ಆಗಲಿಲ್ಲವಂತೆ."

"ನಾನು ಅದನ್ನ ಎಸೆಯೋಕೆ ತರ್ತಿಲ್ಲ ರೀ."

"ಈಗ ಹಾಗಂತೀಯ. ಶುಕ್ರವಾರದ ಹೊತ್ತಿಗೆ ಎಸೀಬೇಕು ಅನ್ನಿಸಬಹುದು."

ನಗು ಬಂತು, ನಕ್ಕಿದ್ದಕ್ಕೆ ಗಂಟಲು ಉರಿಯಿತು. ಮುನ್ನೂರು ಜನ ಬರೆದಿದ್ದರು. ಅದರಲ್ಲಿ ಮಾತು ಕೇಳಿಸುತ್ತದೆಯೇ ಎಂದು ನೋಡಿದವರು ಒಬ್ಬರೂ ಇರಲಿಲ್ಲ. ಇಷ್ಟು ಜನ ಹೊರಗೆ ಹೋಗುತ್ತಾರೆ, ಒಬ್ಬರಿಗೂ ಇನ್ನೊಬ್ಬರಿಗೆ ಏನೂ ಹೇಳುವುದಿರುವುದಿಲ್ಲವೇ ಎಂದು ಅವಳಿಗೆ ಸಿಟ್ಟು ಬಂತು.

ಅಂಗಡಿಯವನು ಬದಲಾಯಿಸಿಕೊಟ್ಟ. ಈಗಿನದು ಪ್ರಯಾಣದ ಸೂಟ್‌ಕೇಸಿನಷ್ಟು ದೊಡ್ಡದು. ಕೆಳಗೆ ಗಾಲಿ, ಎಳೆಯಲು ಹಿಡಿ, ಜೊತೆಗೆ ತಂತಿಯಿಲ್ಲದ ಕರಿಯ ಕೈಮೈಕು. ಅದನ್ನು ಬಾಯಿಗೆ ತೀರಾ ಹತ್ತಿರ ಹಿಡಿದರೆ ಉಸಿರಾಡಿದಷ್ಟು ಮೆಲ್ಲಗೆ ಮಾತಾಡಿದರೂ ಸಾಕು, ತಡವಾಗದೆ ಹೊರಬರುತ್ತದೆ. ಡಾಕ್ಟರು ಹೇಳಿದ್ದಕ್ಕೆ ಹೇಳಿ ಮಾಡಿಸಿದಂತಿತ್ತು. ಬುಧವಾರ ಅವಳು ತುಟಿ ಅಲುಗಿಸದೆ "ಬಲಗಾಲು" ಎಂದಳು. ಗೋಡೆಯಾಚೆ ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಲೆಯೆತ್ತಿ ನೋಡಿದ.

ನೀರಿನಲ್ಲಿ ನಾಲ್ಕೈದು ಜನ ಬಲಗಾಲು ಎತ್ತಿದರು. ಉಳಿದವರು ಅವರನ್ನು ನೋಡಿಕೊಂಡು ಒಂದು ಹೆಜ್ಜೆ ತಡವಾಗಿ ಎತ್ತಿದರು, ಅವರಲ್ಲೂ ಅರ್ಧ ಜನ ಎಡಗಾಲು. ಅವಳು ಗುಂಡಿ ತಿರುಗಿಸಿ ದನಿ ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಪಂಪಿನ ಕೋಣೆಯವನು ಕಿವಿ ಮುಚ್ಚಿಕೊಂಡು ಹೊರಗೆ ಬಂದ. ಹಿಂದಿನ ಸಾಲಿಗೆ ಕೇಳಿಸದಿದ್ದರೆ ಹೋಗಲಿ, ಸ್ಪೀಕರಿನಿಂದ ಆರಡಿಯಲ್ಲಿ ನಿಂತ ಕಂಡಕ್ಟರ್ ತಾತನೂ ತಡವಾಗುತ್ತಿದ್ದರು. ಏನಾಗಿದೆ ಇವರಿಗೆಲ್ಲ? ನಾನು ಕೂಗುತ್ತಿದ್ದಾಗ ಗಡಿಯಾರದ ಮುಳ್ಳಿನ ಹಾಗೆ ನಡೆಯುತ್ತಿದ್ದವರು. ತನ್ನ ಬದಲು ಪೆಟ್ಟಿಗೆಯೊಂದು ಮಾತಾಡುತ್ತಿದೆ ಎಂದು ಬೇಕಂತಲೇ ಹಟ ಮಾಡುತ್ತಿದ್ದಾರೆಯೇ ಎಂದೂ ಒಂದು ಕ್ಷಣ ಅನ್ನಿಸಿತು. ಅಂದು ಹನ್ನೆರಡಕ್ಕೆ ಮುಗಿಯಬೇಕಾದ ಕ್ಲಾಸನ್ನು ಹತ್ತು ನಿಮಿಷ ಮೊದಲೇ ನಿಲ್ಲಿಸಿದಳು.

ಗುರುವಾರ ಮತ್ತೆ ಅಂಗಡಿಗೆ ಹೋಗಿ "ಇದಕ್ಕಿಂತ ದೊಡ್ಡದು" ಎಂದು ಚೀಟಿ ತೋರಿಸಿದಳು.

"ಇದಕ್ಕಿಂತ ದೊಡ್ಡದು ಬೇಕಂದ್ರೆ ಸಾಗಿಸೋಕೆ ಲಾರಿ ಬೇಕು ಮೇಡಮ್," ಎಂದ ಅಂಗಡಿಯವನು. ಆಮೇಲೆ ಕನಿಕರದಿಂದ ಕೇಳಿದ, "ನಿಮ್ಮ ಜನಕ್ಕೆ ಕಿವಿ ಸರಿಯಿದೆ ತಾನೇ?"

"ಎಲ್ಲರೂ ಅರ್ಜೀಲಿ ಸರಿಯಿದೆ ಅಂತ ಬರೆದಿದ್ದಾರೆ," ಎಂದು ಅವಳು ಮುಖ ಗಂಟಿಕ್ಕಿಕೊಂಡು ಹೊರಬಿದ್ದಳು.

ಶುಕ್ರವಾರ ಅರ್ಧ ಗಂಟೆ ಮೊದಲೇ ಹೋದಳು. ಸ್ಪೀಕರನ್ನು ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಎಳೆದು ತಂದು, ದನಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಮೈಕು ಹಿಡಿದು "ಒಂದು, ಎರಡು" ಎಂದಳು. ತಗಡಿನ ಲಾಕರುಗಳ ಬಾಗಿಲು ಜಣಜಣ ಕುಣಿದವು. ಕಿಟಕಿಯ ಸರಳಿನ ಮೇಲಿದ್ದ ಪಾರಿವಾಳ ಹಾರಿಹೋಯಿತು. ಅವಳೇ ಬೆಚ್ಚಿದಳು.

ಎರಡು ಮಾರು ದೂರದಲ್ಲಿ, ಅವಳಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕ್ಲಾಸಿನ ಹದಿನಾಲ್ಕು ಜನರಲ್ಲೊಬ್ಬರಾದ ಟೈಲರ್ ಅಜ್ಜಿ ಕೂತಿದ್ದರು. ಅವರು ಅಲುಗಲಿಲ್ಲ. ನಿಧಾನವಾಗಿ ರಬ್ಬರ್ ಟೋಪಿಯೊಳಗೆ ಕೂದಲು ತುರುಕಿಕೊಳ್ಳುತ್ತ, ಯಾವುದೋ ಹಾಡನ್ನು ಗುನುಗುತ್ತಿದ್ದರು.

ಅವಳು ಮೈಕಿನಲ್ಲಿ "ಅಜ್ಜಿ" ಎಂದಳು. ಲಾಕರುಗಳು ಮತ್ತೆ ಕುಣಿದವು. ಅಜ್ಜಿ ಗುನುಗುತ್ತಲೇ ಇದ್ದರು. ಅವಳು ಮೈಕು ಕೆಳಗಿಟ್ಟು, ಹೋಗಿ ಹೆಗಲು ಮುಟ್ಟಿದಳು.

ಅಜ್ಜಿ ತಿರುಗಿ ನೋಡಿದರು, ಕಣ್ಣನ್ನಲ್ಲ, ಬಾಯನ್ನು. ಆಗ ಅವಳಿಗೆ ಬೆಂಚಿನ ಮೇಲೆ ತೆರೆದಿದ್ದ ಸೋಪಿನ ಡಬ್ಬಿ ಕಂಡಿತು. ಅದರೊಳಗೆ ಕರವಸ್ತ್ರದ ಮೇಲೆ, ಹುಣಸೆ ಬೀಜದಷ್ಟು ದೊಡ್ಡ ಎರಡು ಕಿವಿ ಮಿಷನ್ನು.

"ಏನು ತಾಯಿ?" ಎಂದರು ಅಜ್ಜಿ, ಬೇಕಾದ್ದಕ್ಕಿಂತ ಜೋರಾಗಿ. "ಓ, ಇದಾ. ನೀರು ತಾಗಿದ್ರೆ ಕೆಟ್ಟುಹೋಗುತ್ತಂತೆ. ಇಳಿಯೋ ಮೊದಲು ತೆಗೆದಿಡ್ತೀನಿ."

"ದಿನಾನಾ?"

"ದಿನಾ."

"ಮತ್ತೆ ನಾನು ಹೇಳೋದು ಹೇಗೆ ಕೇಳಿಸುತ್ತೆ?"

"ಕೇಳಿಸಲ್ಲ. ನಿನ್ನ ಬಾಯಿ ನೋಡ್ತೀವಿ. ಎಷ್ಟು ಚೆನ್ನಾಗಿ ಅಗಲ ಬಾಯಿ ಬಿಟ್ಟು ಹೇಳ್ತಿದ್ದೆ, ಹಲ್ಲೆಲ್ಲ ಕಾಣೋ ಹಾಗೆ. ಈಗ ಆ ಕರಿ ಕಡ್ಡಿ ಅಡ್ಡ ಹಿಡ್ಕೊಂಡು ಮುಖಾನೇ ಕಾಣಲ್ಲ. ಮಾಡಿ ತೋರಿಸ್ತಿದ್ದ ಒಂದು ಕೈನೂ ಹೋಯ್ತು. ಕಂಡಕ್ಟರಿಗಂತೂ ತಲೆ ಕೆಟ್ಟುಹೋಗಿದೆ."

"ನೋಡ್ತೀವಿ ಅಂದ್ರೆ, ಯಾರ್ಯಾರು?"

ಅಜ್ಜಿ ಬೆರಳು ಮಡಿಸಿ ಎಣಿಸಿದರು. ಕಂಡಕ್ಟರು, ಬೇಕರಿಯ ಗಂಡ ಹೆಂಡತಿ, ಅಂಚೆಯವರು, ಹಿಂದಿನ ಸಾಲು ಇಡಿಯಾಗಿ. ಒಂಬತ್ತಕ್ಕೆ ಬೆರಳು ನಿಂತಿತು. "ಯಾರಿಗೂ ಹೇಳಬೇಡ. ಅರ್ಜೀಲಿ ಕಿವಿ ಕೇಳಿಸುತ್ತಾ ಅಂತ ಕೇಳಿದ್ರಲ್ಲ, ಇಲ್ಲ ಅಂದ್ರೆ ಸೇರಿಸ್ಕೊಳ್ಳಲ್ಲ ಅಂತ ಎಲ್ಲರೂ ಹೌದು ಅಂತ ಗೀಟು ಹಾಕಿದ್ವಿ."

ಅವಳು ಅಜ್ಜಿಗೆ ಮುಖ ಕಾಣುವ ಹಾಗೆ ಬೆಂಚಿನ ಮೇಲೆ ಕೂತಳು. "ನಾಲ್ಕು ವರ್ಷ ಕೂಗಿದೀನಿ ಅಜ್ಜಿ. ಗಂಟಲು ಹರಿದುಹೋಗೋ ಹಾಗೆ."

ಅಜ್ಜಿ ಅವಳ ತುಟಿಯನ್ನೇ ನೋಡಿ, ನಿಜವಾಗಿ ನೊಂದುಕೊಂಡರು. "ಕೂಗ್ತಿದ್ದೆಯಾ? ನಮಗೇನು ಗೊತ್ತಮ್ಮ. ಕೇಳಿಸಿದ್ರೆ ತಾನೇ."

ಹನ್ನೊಂದಕ್ಕೆ ಮ್ಯಾನೇಜರು ಕೈ ಹಿಂದೆ ಕಟ್ಟಿಕೊಂಡು ಕೊಳದ ಪಕ್ಕ ನಿಂತಿದ್ದರು. ಹದಿನಾಲ್ಕು ಜನ ನೀರಿನಲ್ಲಿದ್ದರು. ಅವಳು ಸ್ಪೀಕರಿನಲ್ಲಿ ಬರೀ ತಾಳದ ಸದ್ದೊಂದನ್ನು ಹಾಕಿ ದನಿ ತಗ್ಗಿಸಿದಳು, ಕೇಳಿಸುವ ಐವರಿಗೆ ಅದು ಸಾಕು. ಮೈಕನ್ನು ಕುರ್ಚಿಯ ಮೇಲಿಟ್ಟಳು. ಮನಸ್ಸಿನಲ್ಲಿ ಕ್ಲಾಸಿನ ಮಾತು ಒಂದೂ ಇರಲಿಲ್ಲ. ಸಿಟ್ಟು ಮಾತ್ರ ಇತ್ತು, ಬೈಯಲು ಗಂಟಲಿರಲಿಲ್ಲ.

ಅವಳು ಹಾಗೇ ಬೈದಳು. ದನಿಯಿಲ್ಲದೆ, ಬಾಯಿ ಅಗಲಿಸಿ, ಒಂದೊಂದು ಮಾತನ್ನೂ ಬಿಡಿಸಿ. ನಾಚಿಕೆ ಆಗಲ್ವಾ ನಿಮಗೆ. ನನ್ನ ಗಂಟಲಲ್ಲಿ ಗಂಟು ಕಟ್ಟಿದೆ. ಒಬ್ಬರಾದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ. ನೀರಲ್ಲಿ ಯಾರಿಗಾದ್ರೂ ಏನಾದ್ರೂ ಆಗಿ ಹೊರಗೆ ಬನ್ನಿ ಅಂತ ಕೂಗಿದ್ರೆ ಯಾರಿಗೆ ಕೇಳಿಸ್ತಿತ್ತು.

ಒಂಬತ್ತು ತಲೆಗಳು ಒಂದೊಂದಾಗಿ ತಗ್ಗಿದವು. ಬೇಕರಿಯವರ ಹೆಂಡತಿ ಗಂಡನ ಕಡೆ ದುರುಗುಟ್ಟಿ ನೋಡಿದರು. ಕೇಳಿಸುವ ಐವರು ಮಾತ್ರ ಏನೂ ಅರ್ಥವಾಗದೆ ಒಬ್ಬರನ್ನೊಬ್ಬರು ತಿವಿದರು. "ಏನಂತೆ? ಏನೂ ಕೇಳಿಸ್ತಿಲ್ಲವಲ್ಲ."

"ಮೈಕು ಕೆಟ್ಟಿದೆಯಾ?" ಎಂದು ಮ್ಯಾನೇಜರು ಹತ್ತಿರ ಬಂದರು.

ಅವಳು ಕೊಳಕ್ಕೆ ಬೆನ್ನು ಮಾಡಿ, ಪಿಸುದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಚ್ಚಿಡಬಹುದಿತ್ತು. ಆದರೆ ನೀರಿನ ಹತ್ತಿರ ಇಂಥದ್ದನ್ನು ಮುಚ್ಚಿಡಬಾರದು, ಅದು ಅವಳಿಗೆ ತರಬೇತಿಯಲ್ಲಿ ಮೊದಲ ದಿನ ಕಲಿಸಿದ ಪಾಠ. ಒಂಬತ್ತು ಜನಕ್ಕೆ ಕೇಳಿಸುವುದಿಲ್ಲ. ಕೂಗಬೇಕಾಗಿಯೇ ಇಲ್ಲ. ಕಾಣುವ ಹಾಗೆ ನಿಂತರೆ ಸಾಕು. ಹೊರಗೆ ಬನ್ನಿ ಅನ್ನಲು ಕೆಂಪು ಟವೆಲ್ ಬೀಸುತ್ತೇನೆ, ಇವತ್ತಿನಿಂದಲೇ. ಅರ್ಜಿಯನ್ನು ಹೊಸದಾಗಿ ಬರೆಸಿ.

ಮ್ಯಾನೇಜರು ಕೊಳದ ಕಡೆ ನೋಡಿದರು. ಮೀಸೆಯೊಳಗೇ ಏನೋ ಗೊಣಗಿದರು. ಪಕ್ಕದಲ್ಲೇ ಇದ್ದ ಅವಳಿಗೂ ಅದು ಸರಿಯಾಗಿ ಕೇಳಿಸಲಿಲ್ಲ.

"ನಾವೇನು ಕಳ್ಳರಲ್ಲ ಸಾರ್," ಎಂದರು ನೀರಿನೊಳಗಿಂದ ಕಂಡಕ್ಟರ್ ತಾತ. "ಮುದಿ ಕಳ್ಳರು ಅಂದ್ರಲ್ಲ ಈಗ. ಮೂವತ್ತು ವರ್ಷ ಬಸ್ಸಿನ ಗದ್ದಲದಲ್ಲಿ ಟಿಕೆಟ್ ಕೊಟ್ಟವನು ನಾನು. ಕಿವಿ ಹೋಗಿದ್ದೂ ಅಲ್ಲೇ, ಬಾಯಿ ಓದೋದು ಕಲಿತಿದ್ದೂ ಅಲ್ಲೇ."

ಮ್ಯಾನೇಜರು ಮೀಸೆಯ ಮೇಲೆ ಕೈಯಿಟ್ಟು ಬಾಯಿ ಮುಚ್ಚಿಕೊಂಡರು. ಕೈಯ ಹಿಂದಿನಿಂದ ಅವಳಿಗೆ ಹೇಳಿದರು, "ಈ ತಿಂಗಳು ನೋಡ್ತೀನಿ. ನಡೆಸಿ."

"ಏನಂದ್ರು?" ಎಂದು ಒಂಬತ್ತು ಜನ ಅವಳ ಕಡೆ ನೋಡಿದರು.

ನಾಲ್ಕು ವರ್ಷದ ಕೂಗು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಅವಳಿಗಿನ್ನೂ ಬಗೆಹರಿದಿರಲಿಲ್ಲ. ಗಂಟಲು ಉರಿಯುತ್ತಲೇ ಇತ್ತು. ಸಿಟ್ಟೂ ಪೂರ್ತಿ ಇಳಿದಿರಲಿಲ್ಲ, ಒಂದು ವಾರವಾದರೂ ಇವರನ್ನು ನೋಡಿದಾಗೆಲ್ಲ ಅದು ಏಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಕಾಣುವಂತೆ ಅವಳು ಒಂದು ಹೆಜ್ಜೆ ಮುಂದೆ ಬಂದು, ಎರಡೂ ಕೈ ಬಿಡಿಸಿ, ದನಿಯಿಲ್ಲದೆ ಹೇಳಿದಳು.

ಬಲಗಾಲು.