ನಲವತ್ತೊಂದು ದಿನ ಎತ್ತಿಟ್ಟ ಬ್ಯಾಟರಿ

ಕಳೆದ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಅಕ್ಕ ರೇಡಿಯೋದಲ್ಲಿ ವಚನ ಹಾಡುವವಳಿದ್ದಳು. ಎಂಟು ಇಪ್ಪತ್ತಕ್ಕೆ ಖಾನಾಪುರದ ಕರೆಂಟ್ ಹೋಯಿತು.

ನಾನು ಹೆದರಲಿಲ್ಲ. ಇಂಥ ಗಳಿಗೆಗೆಂದೇ ಒಂದು ಬ್ಯಾಟರಿ ಕಾಪಾಡಿಟ್ಟಿದ್ದೆ.

ಬ್ಯಾಟರಿ ಎಂದರೆ ಟಾರ್ಚಿನದಲ್ಲ. ಲೋಂಡಾದಲ್ಲಿ ಲಾರಿ ಇಟ್ಟಿರುವ ಕಾಕಾ ಹೊಸದು ಹಾಕಿಸಿಕೊಂಡಾಗ ನಮಗೆ ದಾಟಿಸಿದ ಹಳೆಯ ಲಾರಿ ಬ್ಯಾಟರಿ. ನಮ್ಮ ರೇಡಿಯೋ ಕರೆಂಟಿಗೂ ನಡೆಯುತ್ತದೆ, ಇದಕ್ಕೂ ನಡೆಯುತ್ತದೆ. ಹಾಡುವ ದಿನ ತಿಳಿಸಿ ಅಕ್ಕ ಬರೆದ ಕಾಗದ ಬಂದ ಮರುದಿನವೇ ಅದನ್ನು ಗೋಣಿಚೀಲಕ್ಕೆ ಹಾಕಿ, ರೈಲಿನಲ್ಲಿ ಬೆಳಗಾವಿಗೆ ಒಯ್ದು ಚಾರ್ಜ್ ಮಾಡಿಸಿದೆ. (ಬರುವಾಗ ದೇಸೂರಿನಲ್ಲಿ ಹತ್ತಿದ ಅಜ್ಜನೊಬ್ಬ ಚೀಲದ ಮೇಲೆ ಕೂಡಲು ಬಂದ. ಒಳಗೆ ಆ್ಯಸಿಡ್ ಇದೆ ಎಂದೆ. ಬೇರೆ ಡಬ್ಬಿಗೇ ಹೋದ.)

ಚಾರ್ಜಿಂಗ್ ಅಂಗಡಿಯವರು ಹೇಳಿದ್ದು ಇಷ್ಟು: ಪೂರ್ತಿ ಇಳಿಯಲು ಬಿಡಬೇಡಿ, ಒಳಗಿನ ನೀರು ನೋಡಿಕೊಳ್ಳುತ್ತಿರಿ. ನಾನು ಕೇಳಿಸಿಕೊಂಡದ್ದು: ಇಳಿಯಲೇ ಬಿಡಬೇಡಿ.

ಒಂದು ಸಂಜೆ ಕರೆಂಟಿಲ್ಲದಾಗ ಬ್ಯಾಟರಿಯಿಂದ ಎರಡು ಗಂಟೆ ಹತ್ತು ನಿಮಿಷ ರೇಡಿಯೋ ಹಚ್ಚಿದೆವು. ಬ್ಯಾಟರಿಯ ಲೆಕ್ಕಕ್ಕೆಂದು ಇಟ್ಟ ಡೈರಿಯಲ್ಲಿ ಆ ಅಂಕಿ ನೋಡಿ ನನಗೇ ಗಾಬರಿಯಾಯಿತು. ಅಂದೇ ತಂತಿ ಬಿಚ್ಚಿ, ಅವ್ವನ ಹಳೆ ಸೀರೆ ಹೊದಿಸಿ, ಅಟ್ಟದ ಕೆಳಗೆ ಇಟ್ಟುಬಿಟ್ಟೆ. (ಅದಕ್ಕೆ ವಿಭೂತಿ ಹಚ್ಚಿದ್ದು ಅವ್ವ. ನನ್ನದೇನೂ ಇಲ್ಲ.) ಪ್ರತಿದಿನ ಸೀರೆ ಸರಿಸಿ ನೋಡಿ ಡೈರಿಯಲ್ಲಿ ಬರೆಯುತ್ತಿದ್ದೆ: 'ಬ್ಯಾಟರಿ ಆರೋಗ್ಯ ಉತ್ತಮ.' ನಲವತ್ತೊಂದು ಸಲ ಉತ್ತಮ!

ಈ ನಡುವೆ ಪಕ್ಕದ ಮನೆಯ ಗಂಗವ್ವ ಕಾಕು ಮೂರು ಸಲ ಬಂದರು. ಕರೆಂಟಿಲ್ಲ, ಸ್ವಲ್ಪ ಮರಾಠಿ ನಾಟಕ ಕೇಳಿಸು ಎಂದರು. ಮೂರೂ ಸಲ ಇಲ್ಲವೆಂದೆ. ಅವರ ಹತ್ತಿರ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ, ಆದರೆ ಅದಕ್ಕೆ ಮರಾಠಿ ಸ್ಟೇಷನ್ ಸಿಗುವುದಿಲ್ಲ. ಅದರ ಸೆಲ್ಲುಗಳನ್ನು ದಿನಾ ಕಟ್ಟೆಯ ಮೇಲೆ ಹಪ್ಪಳದ ಪಕ್ಕ ಒಣಗಿಸುತ್ತಾರೆ. ಮೂರನೇ ಸಲ ಅದರ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಕೊಟ್ಟೆ. ವೈಜ್ಞಾನಿಕವಲ್ಲ, ಇತ್ಯಾದಿ.

ಈಗ ಭಾನುವಾರಕ್ಕೆ ಬರೋಣ. ಅವ್ವ ಶಿರಾ ಮಾಡಿ, ಹೊಸ ಇಳಕಲ್ ಸೀರೆ ಉಟ್ಟು, ರೇಡಿಯೋ ಎದುರು ಕುಳಿತಿದ್ದಳು. ಮಗಳನ್ನು ಹಾಡು ಕಲಿಯಲು ಧಾರವಾಡಕ್ಕೆ ಕಳಿಸಬೇಕೆಂದು ಅಪ್ಪನ ಜೊತೆ ಜಗಳವಾಡಿದವಳು ಅವಳೇ. ನಾನು ತಂತಿ ಸಿಕ್ಕಿಸಿ ಗುಂಡಿ ತಿರುಗಿಸಿದೆ.

ಸದ್ದಿಲ್ಲ. ತಂತಿ ಅದಲುಬದಲು ಮಾಡಿದೆ. ತುದಿ ಕೆರೆದೆ. ಬ್ಯಾಟರಿಯನ್ನು ಮೆಲ್ಲಗೆ ತಟ್ಟಿದೆ (ಮಲಗಿದ ಮಗುವನ್ನು ಎಬ್ಬಿಸುವಂತೆ). ಅದು ಏಳಲಿಲ್ಲ. ಹೊತ್ತು ಎಂಟೂವರೆ ದಾಟಿ ಏಳು ನಿಮಿಷ.

ಆಗ ಗೋಡೆಯ ಆಚೆಯಿಂದ ಅಕ್ಕನ ದನಿ ಬಂತು. ಸ್ವಲ್ಪ ಮೂಗಿನಲ್ಲಿ, ಆದರೆ ಅವಳದೇ.

ಅವ್ವ ಎದ್ದಳು. ಹೊಸ್ತಿಲಲ್ಲಿ ನಿಂತು ನನ್ನ ಡೈರಿ ಕಡೆ ನೋಡಿದಳು. "ಬರಕೋ. ಅವ್ವ ಮೊದಲನೇ ವಚನ ಕೇಳಲಿಲ್ಲ ಅಂತ ಬರಕೋ," ಎಂದು ಹೋದಳು.

ನಾನೂ ಹಿಂದೆಯೇ ಹೋದೆ. ಕಾಕು ಮನೆಯ ಬಾಗಿಲಲ್ಲೇ ನಿಂತೆ. ಮೂರು ಸಲ ಇಲ್ಲವೆಂದವನು ಒಳಗೆ ಹೇಗೆ ಹೋಗಬೇಕು? ಕಾಕು ಟ್ರಾನ್ಸಿಸ್ಟರನ್ನು ಅವ್ವನ ಕಿವಿಯ ಹತ್ತಿರ ಹಿಡಿದು, ನನ್ನತ್ತ ತಿರುಗಿದರು. "ಬಾರೋ ಹಿಶೇಬಿನವನ, ಕುಂದರು. ನಮ್ಮ ಸೆಲ್ಲು ನೀ ಕೇಳಿದ್ರೂ ಅಷ್ಟ ಸವೀತಾವ, ಕೇಳದಿದ್ರೂ ಅಷ್ಟ."

ಕುಳಿತೆ. ಎಂಟು ನಿಮಿಷ ಸಿಕ್ಕಿತು. ಅವ್ವ ಕಣ್ಣು ಮುಚ್ಚಿಯೇ ಇದ್ದಳು.

ಸೋಮವಾರ ಮತ್ತೆ ಬೆಳಗಾವಿ. ಅಂಗಡಿಯವರು ಬ್ಯಾಟರಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು. ಎಷ್ಟು ದಿವಸ ಬಳಸಿರಲಿಲ್ಲ ಎಂದು ಕೇಳಿದರು. ನಾನು ಅಭಿಮಾನದಿಂದಲೇ ಡೈರಿ ತೋರಿಸಿದೆ.

"ತಮ್ಮಾ, ಬ್ಯಾಟರಿ ಅಂದ್ರ ಎತ್ತು ಇದ್ದಂಗ," ಎಂದರು. "ದುಡಿಸಬೇಕು, ಮೇಯಿಸಬೇಕು. ಮೇವು ಹಾಕದ, ಬರೇ ಹಗ್ಗಾ ಕಟ್ಟಿ ನಿಲ್ಲಿಸಿದ್ರ, ಹೊಲಕ್ಕ ಹೋಗೋ ದಿವಸ ಏಳಂಗಿಲ್ಲ."

ಅಂದು ರೈಲಿನಲ್ಲಿ ಡೈರಿ ತೆಗೆದು ಆ ನಲವತ್ತೊಂದು 'ಉತ್ತಮ'ಗಳನ್ನೂ ಹೊಡೆದುಹಾಕಿದೆ. ಸೀರೆ ಸರಿಸಿ ನೋಡಿದ್ದೆನೇ ಹೊರತು ಒಮ್ಮೆಯೂ ಹಚ್ಚಿ ನೋಡಿರಲಿಲ್ಲ.

ಕೆಡಬಾರದೆಂದು ನಿಮ್ಮ ಮನೆಯಲ್ಲಿ ಎತ್ತಿಟ್ಟದ್ದು ಏನಿದೆ, ಅದನ್ನು ಕೊನೆಯ ಸಲ ಹಚ್ಚಿ ನೋಡಿದ್ದು ಯಾವತ್ತು?