ಪೆನ್ಸಿಲ್ ತಿದ್ದಿದ ಮುಖ

ನಾನು ಫೋಟೋಗ್ರಾಫರ್ ಆದದ್ದಕ್ಕೆ ಕುಮಟೆಯ ಗೆಳೆಯರು ಒಂದು ಕಥೆ ಕಟ್ಟಿದ್ದಾರೆ. ಅಪ್ಸರಕೊಂಡದಲ್ಲಿ ನೀರು ಬೀಳುವುದನ್ನು ಕಂಡನಂತೆ, ಸ್ಫೂರ್ತಿ ಉಕ್ಕಿತಂತೆ, ಕಾನೂನು ಓದು ಬಿಟ್ಟು ಕ್ಯಾಮರಾ ಹಿಡಿದನಂತೆ.

ಇದಕ್ಕೆ ಸಾಕ್ಷಿ ಯಾರು? ಅಪ್ಸರಕೊಂಡದಿಂದ ನಾನು ತಂದದ್ದು ಒದ್ದೆ ಚಪ್ಪಲಿ, ಬೆಳಕು ಹೊಕ್ಕು ಕೆಟ್ಟ ಎರಡು ಗಾಜಿನ ಪ್ಲೇಟು. (ಯುದ್ಧ ಶುರುವಾದ ಮೇಲೆ ಪ್ಲೇಟಿಗೆ ಎಂಥ ತತ್ವಾರವೆಂದು ಈ ಕಸುಬಿನವರನ್ನೇ ಕೇಳಿ.) ಸ್ಫೂರ್ತಿ ಬಂದದ್ದು ಹೋದ ತಿಂಗಳು, ಕುಮಟೆಯ ನನ್ನ ಸ್ಟುಡಿಯೋದ ಕಿಟಕಿಯ ಬಳಿ, ಪೆನ್ಸಿಲ್ ಹಿಡಿದಾಗ.

ಭಟ್ಕಳದ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆತಂದಿದ್ದರು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ, ಶರಾವತಿ ದಾಟಿ, ಇಷ್ಟು ದೂರ ಏಕೆ? ಹತ್ತಿರದಲ್ಲಿ ತೆಗೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಮಗಳನ್ನು ಗಿರಿಜಾ ಎನ್ನೋಣ (ಅದು ಅವಳ ಹೆಸರಲ್ಲ, ಇದು ಅಚ್ಚಾಗುವ ಈ ವಾರಪತ್ರಿಕೆ ಮುಂಬಯಿಗೂ ಹೋಗುತ್ತದೆ). ಕೆನ್ನೆ ತುಂಬ ಸಿಡುಬಿನ ಕಲೆ. ವರ ಮುಂಬಯಿಯ ಗಿರಣಿಯೊಂದರಲ್ಲಿ ಗುಮಾಸ್ತ. ಹೆಣ್ಣು ನೋಡಲು ರಜೆ ಇಲ್ಲ, ಫೋಟೋ ಕಳಿಸಿ, ಒಪ್ಪಿದರೆ ಮದುವೆಗೇ ಬರುತ್ತೇನೆ ಎಂದು ಬರೆದಿದ್ದ.

"ತಮಾ, ಆ ಕಲೆ ಕಾಣದ ಹಾಂಗೆ ಮಾಡು," ಎಂದರು ತಾಯಿ.

"ಮದುವೆ ದಿನ ಕಾಣ್ತದಲ್ಲ ಅಮ್ಮ?"

"ತಾಳಿ ಕಟ್ಟಿದ ಮೇಲೆ ಕಾಣ್ಲಿ. ಮುಂಚೆ ಎಂತಕ್ಕೆ? ನಿಂಗೆ ಮದುವೆ ಆಯ್ತಾ?"

"ಇಲ್ಲ."

"ಹಾಂಗಾರೆ ನಿಂಗೆ ಎಂತ ಗೊತ್ತು?"

ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಬಹುಮಾನ ಹೊಡೆದವನು ನಾನು. "ಆತು," ಎಂದೆ.

ತಾಯಿ ಎಲೆಯಡಿಕೆ ಉಗಿಯಲು ಹೊರಗೆ ಹೋದರು. ನಾನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದೆ. ಕ್ಯಾಮರಾದ ಗಾಜಿನ ಮೇಲೆ ತಲೆಕೆಳಗಾಗಿದ್ದ ಗಿರಿಜಾಳ ತುಟಿ ಅಲುಗಿತು.

"ಇದ್ದ ಹಾಂಗೇ ತೆಗೀರಿ. ಅಲ್ಲಿ ಹೋಗಿ ಮಾತು ಕೇಳೂದು ನಾನು, ಅಮ್ಮ ಅಲ್ಲ."

ಬಟ್ಟೆಯೊಳಗಿಂದಲೇ ಅವಳಿಗೂ "ಆತು" ಎಂದೆ. ಎರಡೂ ಪಕ್ಷದ ಪರವಾಗಿ ವಾದಿಸಿ ಬಂದ ಅಭ್ಯಾಸ, ನೋಡಿ.

ನೆಗೆಟಿವ್‌ನಲ್ಲಿ ಕಲೆಯೆಂದರೆ ತೆಳುವಾದ ಚುಕ್ಕೆ. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದನ್ನೇ ತುಂಬಬೇಕು. ಎರಡು ದಿನ ಹಿಡಿಯಿತು. ತಿದ್ದುತ್ತ ತಿದ್ದುತ್ತ ಕೈಗೆ ಹುರುಪು ಬಂತು. ಕಲೆ ಮುಗಿದ ಮೇಲೆ ಕೆನ್ನೆಯನ್ನೂ ಕೊಂಚ ದುಂಡಗೆ ಮಾಡಿದೆ. ಅದನ್ನು ಯಾರು ಕೇಳಿದ್ದರು?

ಪ್ರಿಂಟ್ ಕಂಡು ತಾಯಿ ಕಣ್ಣೊರೆಸಿಕೊಂಡರು. "ಕಾಯಿಲೆ ಬರೂಕೆ ಮುಂಚೆ ಹೀಂಗೇ ಇತ್ತು ತಮಾ." ಲಕೋಟೆಯ ಮೇಲೆ ಮುಂಬಯಿ ವಿಳಾಸ ಬರೆದುಕೊಟ್ಟವನೂ ನಾನೇ.

ವರ ಒಪ್ಪಿದ. ಮೊನ್ನೆ ತಾಯಿ ಕರೆಯಲು ಬಂದರು. ಮದುವೆಯ ಫೋಟೋ ಕೂಡ ನಾನೇ ತೆಗೆಯಬೇಕಂತೆ.

"ಗಿರಿಜಾ ಆ ಫೋಟೋ ನೋಡಿದ್ದಾಳಾ?"

"ಅದಕ್ಕೆ ಎಂತಕ್ಕೆ ತೋರ್ಸೂದು? ಅದರ ಮುಖ ಅದಕ್ಕೆ ಗೊತ್ತಿಲ್ವಾ?"

ಅವರು ಹೋದ ಮೇಲೆ ಹತ್ತಿಗೆ ಟರ್ಪೆಂಟೈನ್ ಹಚ್ಚಿ ನೆಗೆಟಿವ್ ಮೇಲಿನ ಪೆನ್ಸಿಲನ್ನೆಲ್ಲ ಒರೆಸಿದೆ. ಎರಡು ದಿನದ ಕೆಲಸ ಒಂದೇ ನಿಮಿಷದಲ್ಲಿ ಹೋಯಿತು. ಇನ್ನೊಂದು ಪ್ರಿಂಟ್ ಹಾಕಿದೆ. ಒಂದೊಂದು ಕಲೆಯೂ ಸ್ಪಷ್ಟ, ನೋಟ ನೆಟ್ಟಗೆ. ನಾನು ತೆಗೆದ ಫೋಟೋಗಳಲ್ಲೆಲ್ಲ ಇದೇ ಚೆಂದ. ಆದರೆ ವರ ನನ್ನ ಕಣ್ಣಿನಿಂದ ನೋಡುತ್ತಾನೆಂದು ಯಾರು ಭರವಸೆ ಕೊಟ್ಟಾರು?

ಇದನ್ನೂ ಒಂದು ಲಕೋಟೆಗೆ ಹಾಕಿ ವರನ ವಿಳಾಸ ಬರೆದಿಟ್ಟಿದ್ದೇನೆ. ಕಳಿಸಿದರೆ ಮದುವೆ ಮುರಿಯಬಹುದು. ಕಳಿಸದಿದ್ದರೆ ಅಂತರಪಟ ಸರಿದಾಗ ಅವನು ಮೊದಲ ಸಲ ಅವಳ ಮುಖ ನೋಡುತ್ತಾನೆ. ಎದುರಿಗೇ ನಾನು ಕ್ಯಾಮರಾ ಹಿಡಿದು ನಿಂತಿರುತ್ತೇನೆ. ಮದುವೆಗೆ ಇನ್ನು ಹನ್ನೆರಡು ದಿನ.

ಗಿರಿಜಾ, ಈ ಎರಡನೆಯ ಲಕೋಟೆಯನ್ನು ಟಪಾಲಿಗೆ ಹಾಕಲೇ?